ಇಟ್ಟಿಗೆ ಆಟದ ಲೆಕ್ಕ

ಶಿರಸಿಯ ಮಾರಿಕಾಂಬಾ ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ. ಬಂದಾಗಲೆಲ್ಲ ವಾರ್ಷಿಕ ಪರೀಕ್ಷೆಯ ಹೊಸ್ತಿಲಲ್ಲೇ ಬರುತ್ತದೆ. ದೇವಿ ರಥವೇರಿ ಬಿಡಕಿಬೈಲಿನ ಗದ್ದುಗೆಗೆ ಬಂದು ಕೂತ ಮೇಲೆ ಪೇಟೆಯ ತುಂಬ ಬಳೆ, ಬಲೂನು, ಬೆಂಡು-ಬತ್ತಾಸಿನ ಅಂಗಡಿಗಳ ಸಾಲು. ತೊಂಬತ್ತರ ದಶಕದಲ್ಲಿ ಆ ಸಾಲಿಗೆ ಹೊಸ ಸಾಮಾನೊಂದು ಸೇರಿಕೊಂಡಿತು: ಅಂಗೈಗಿಂತ ತುಸು ಉದ್ದದ ಪ್ಲಾಸ್ಟಿಕ್ ಡಬ್ಬಿ, ಮೇಲುಗಡೆ ಬೂದು ಪರದೆ, ಕೆಳಗೆ ಎಡಕ್ಕೆ ದಿಕ್ಕಿನ ಗುಂಡಿಗಳು, ಬಲಕ್ಕೆ ಒಂದು ದೊಡ್ಡ ಗುಂಡಿ. ಮೈಮೇಲೆ ‘ಬ್ರಿಕ್ ಗೇಮ್’ ಎಂದೂ ‘9999 ಇನ್ 1’ ಎಂದೂ ಬರೆದಿರುತ್ತಿತ್ತು. ಒಳಗೆ ಒಂಬತ್ತು ಸಾವಿರ ಚಿಲ್ಲರೆ ಆಟ ಇಲ್ಲ ಎನ್ನುವುದು ಮನೆ ಮುಟ್ಟಿ ಒಂದು ತಾಸಿನಲ್ಲಿ ಗೊತ್ತಾಗುತ್ತಿತ್ತು. ಇದ್ದದ್ದು ಬೆರಳೆಣಿಕೆಯ ಆಟ. ಉಳಿದದ್ದೆಲ್ಲ ವೇಗ ಹೆಚ್ಚಿಸಿ, ಮಟ್ಟ ಏರಿಸಿ ಮಾಡಿದ ಗುಣಾಕಾರ. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಎಲ್ಲರೂ ಆಡುತ್ತಿದ್ದದ್ದು ಒಂದೇ ಆಟ, ಮೇಲಿನಿಂದ ಇಟ್ಟಿಗೆ ಬೀಳುವ ಆಟ. ಜಗತ್ತು ಅದನ್ನು ಟೆಟ್ರಿಸ್ ಎಂದು ಕರೆಯುತ್ತದೆ.

ಜಾತ್ರೆಯಿಂದ ಅದು ಬಸ್ಸು ಹತ್ತಿ ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಗಳಿಗೂ ಹೋಯಿತು. ಪರೀಕ್ಷೆ ಮುಗಿಯುವವರೆಗೆ ಕೈಗೆಟುಕದ ಕಪಾಟಿನ ಮೇಲೆ ಅದರ ವಾಸ. ಏಪ್ರಿಲ್ ಬಂತೋ, ಅಜ್ಜನ ಮನೆಗೆ ಹೋಗುವ ಚೀಲದಲ್ಲಿ ಅದಕ್ಕೊಂದು ಜಾಗ. ಜಗಲಿಯಲ್ಲಿ ಒಬ್ಬ ಆಡುವುದು, ಉಳಿದ ಮೊಮ್ಮಕ್ಕಳು ಅವನ ಹೆಗಲ ಮೇಲೆ ಬಗ್ಗಿ ‘ತಿರುಗ್ಸಾ, ತಿರುಗ್ಸಾ’ ಎಂದು ಕೂಗುವುದು. “ತಮಾ, ಶೆಲ್ಲು ಮುಗಿತು, ಸಾಕು ಇಡಾ” ಎಂದು ಆಯಿ ಒಳಗಿಂದ ಹೇಳಿದರೆ “ಇದೊಂದು ಔಟಾಗ್ಲಿ ತಡಿಯೇ ಆಯಿ” ಎಂಬ ಉತ್ತರ ಸಿದ್ಧ. ಮಳೆಗಾಲದಲ್ಲಿ ಮರ ಬಿದ್ದು ಲೈನು ಹರಿದರೆ ದಿನಗಟ್ಟಲೆ ಕರೆಂಟು ಇರದ ಸೀಮೆ ಅದು. ಟಿವಿ ಬಾಯಿ ಮುಚ್ಚಿಕೊಂಡಾಗಲೂ ಇದು ಮಾತ್ರ ಟುಂಯ್ ಟುಂಯ್ ಎನ್ನುತ್ತಿತ್ತು.

ಆ ಊರುಗಳಿಂದ ಹೊರಟು ಈಗ ಬೆಂಗಳೂರಲ್ಲೋ ಹೊರದೇಶದಲ್ಲೋ ನೆಲೆಸಿರುವ, ನಲವತ್ತರ ಆಸುಪಾಸಿನವರ ಎದುರು ಬ್ರಿಕ್ ಗೇಮ್ ಎಂದು ಹೇಳಿ ನೋಡಿ. ಹೆಬ್ಬೆರಳು ತಾನಾಗಿ ಆಡತೊಡಗುತ್ತದೆ. ಹಳೆಯದೆಲ್ಲ ಚಂದ ಎಂಬ ಒಂದು ಮಾತಿನಲ್ಲಿ ಇದನ್ನು ಮುಗಿಸಬಹುದು. ಆದರೆ ಅದೇ ಜಾತ್ರೆಯಲ್ಲಿ ಕೊಂಡ ಪೀಪಿ, ಕೀಲಿ ಕೊಟ್ಟರೆ ಓಡುವ ಕಾರು, ನೀರಿನ ಪಿಸ್ತೂಲು ಇಷ್ಟು ಗಟ್ಟಿಯಾಗಿ ನೆನಪಿನಲ್ಲಿ ಕೂತಿಲ್ಲ. ಇಟ್ಟಿಗೆ ಆಟ ಉಳಿದದ್ದಕ್ಕೆ ಬಾಲ್ಯ ಅರ್ಧ ಕಾರಣ, ಇನ್ನರ್ಧ ಕಾರಣ ಆಟದ ಒಳಗೇ ಇದೆ ಎನ್ನುವುದು ನನ್ನ ವಾದ. ಅದನ್ನು ಬಿಚ್ಚಿ ನೋಡೋಣ.

ಶಿರಸಿ ಪೇಟೆಯಲ್ಲಿ ಕಂಪ್ಯೂಟರ್ ಕ್ಲಾಸುಗಳು ಬೋರ್ಡು ಹಾಕಿದ ಕಾಲವೂ ಅದೇ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಯಂತ್ರಕ್ಕೆ ಹೊದೆಸಿದ ಮುಸುಕನ್ನು ಭಕ್ತಿಯಿಂದ ತೆಗೆಯಬೇಕು. ಕಲಿಸುವವರು ಆಚೆ ಹೋದ ಕೂಡಲೇ ತೆರೆದುಕೊಳ್ಳುತ್ತಿದ್ದದ್ದು ಮೈನ್‌ಸ್ವೀಪರ್. 1992ರಲ್ಲಿ ಬಂದ ವಿಂಡೋಸ್ 3.1ರ ಜೊತೆಗೇ ಬಂದ ಆಟ ಅದು. ಆದರೆ ಹಳ್ಳಿಯ ಬಹಳಷ್ಟು ಮಕ್ಕಳ ಕೈಗೆ ಮೊದಲು ಸಿಕ್ಕ ಕಂಪ್ಯೂಟರ್ ಬ್ರಿಕ್ ಗೇಮೇ. ಅದು ಕಂಪ್ಯೂಟರ್ ಎಂದು ಯಾರಿಗೂ ಅನ್ನಿಸಲಿಲ್ಲ, ಅಷ್ಟೆ. ಹಿಂದಿನ ಸ್ಕ್ರೂ ಬಿಚ್ಚಿದವರಿಗೆ ಪುಟ್ಟ ಹಲಗೆಯ ಮೇಲೆ ಕಪ್ಪು ಅಂಟಿನ ಒಂದು ಹನಿ ಕಂಡಿರುತ್ತದೆ. ಆ ಹನಿಯ ಅಡಿಯಲ್ಲಿದ್ದದ್ದು ನಾಲ್ಕು ಬಿಟ್‌ನ ಮೈಕ್ರೋಕಂಟ್ರೋಲರ್. ಲೆಕ್ಕ ಮಾಡುತ್ತದೆ, ನೆನಪಿಟ್ಟುಕೊಳ್ಳುತ್ತದೆ, ಗುಂಡಿ ಒತ್ತಿದ್ದನ್ನು ಗಮನಿಸಿ ಮುಂದೇನೆಂದು ತೀರ್ಮಾನಿಸುತ್ತದೆ. ಕಂಪ್ಯೂಟರಿಗೆ ಇದಕ್ಕಿಂತ ಹೆಚ್ಚಿನ ಲಕ್ಷಣ ಬೇಕಿಲ್ಲ.

ಅದು ಎಷ್ಟು ಕಡಿಮೆಯಲ್ಲಿ ಸಂಸಾರ ನಡೆಸುತ್ತಿತ್ತು ಎನ್ನುವುದಕ್ಕೊಂದು ಲೆಕ್ಕ. ಪರದೆಯಲ್ಲಿ ಅಡ್ಡಕ್ಕೆ 10, ಉದ್ದಕ್ಕೆ 20, ಒಟ್ಟು 200 ಚೌಕ. ಪ್ರತಿ ಚೌಕ ತುಂಬಿದೆಯೋ ಖಾಲಿಯೋ ಎಂದು ನೆನಪಿಡಲು ಒಂದು ಬಿಟ್ ಸಾಕು. 200 ಬಿಟ್ ಎಂದರೆ 25 ಬೈಟ್. ಈಗ ನಿಮ್ಮ ಫೋನಿನಿಂದ ‘ಸಿದ್ದಾಪುರ’ ಎಂಬ ಒಂದೇ ಪದವನ್ನು ಕನ್ನಡದಲ್ಲಿ ಕಳಿಸಿದರೆ, ಸಾಮಾನ್ಯವಾಗಿ ಬಳಕೆಯಲ್ಲಿರುವ ಯುಟಿಎಫ್-8 ಸಂಕೇತದಲ್ಲಿ ಅದು 27 ಬೈಟ್ ತಿನ್ನುತ್ತದೆ. ಒತ್ತು, ಗುಣಿತದ ಗುರುತುಗಳೂ ಸೇರಿ ಒಂಬತ್ತು ಚಿಹ್ನೆ, ಒಂದೊಂದಕ್ಕೆ ಮೂರು ಬೈಟ್. ‘ಯಲ್ಲಾಪುರ’ 24ಕ್ಕೆ ಮುಗಿಯುತ್ತದೆ. ಬೇಸಿಗೆ ರಜೆಯನ್ನೆಲ್ಲ ನುಂಗಿದ ಆ ಅಂಗಳ ಈ ಎರಡು ತಾಲೂಕುಗಳ ಹೆಸರಿನ ನಡುವೆ ಎಲ್ಲೋ ಹಿಡಿಯುತ್ತಿತ್ತು.

ಪರದೆಯದು ಬೇರೆಯೇ ಕತೆ. ಅದಕ್ಕೆ ಸ್ವಂತ ಬೆಳಕಿಲ್ಲ. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಈಗಿನ ಫೋನಿನ ಪರದೆ ಮಂಕಾದರೆ ಬ್ರಿಕ್ ಗೇಮಿನದು ಇನ್ನಷ್ಟು ಸ್ಪಷ್ಟವಾಗುತ್ತಿತ್ತು. ರಾತ್ರಿ ಲಾಟೀನಿನ ಪಕ್ಕ ಕೂರದೆ ಗತಿಯಿರಲಿಲ್ಲ. ಎರಡು ಗಾಜಿನ ಹಾಳೆಗಳ ನಡುವೆ ದ್ರವಸ್ಫಟಿಕದ ತೆಳು ಪದರ, ಎರಡೂ ಕಡೆ ಬೆಳಕನ್ನು ಒಂದೇ ದಿಕ್ಕಿನಲ್ಲಿ ಸೋಸಿ ಬಿಡುವ ಪೊರೆ, ಹಿಂದೆ ಬೆಳಕು ಮರಳಿಸುವ ಹಾಳೆ. ದ್ರವಸ್ಫಟಿಕದ ಕಡ್ಡಿಯಾಕಾರದ ಅಣುಗಳು ಒಂದು ಗಾಜಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ 90 ಡಿಗ್ರಿ ತಿರುಚಿಕೊಂಡಿರುತ್ತವೆ. ಆ ತಿರುವನ್ನು ಹಿಡಿದು ಬೆಳಕೂ ತಿರುಗುತ್ತದೆ, ಎರಡನೆಯ ಪೊರೆಯನ್ನು ದಾಟುತ್ತದೆ, ಹಿಂದಿನ ಹಾಳೆಗೆ ತಾಗಿ ಮರಳುತ್ತದೆ. ಚೌಕಕ್ಕೆ ವಿದ್ಯುತ್ ಕೊಟ್ಟರೆ ಅಣುಗಳು ನೆಟ್ಟಗೆ ನಿಲ್ಲುತ್ತವೆ, ಬೆಳಕಿಗೆ ದಾರಿ ತಪ್ಪುತ್ತದೆ, ಆ ಚೌಕ ಕಪ್ಪಾಗುತ್ತದೆ. ಇಟ್ಟಿಗೆ ಎಂದು ನಾವು ನೋಡುತ್ತಿದ್ದದ್ದು ತಡೆದ ಬೆಳಕನ್ನು.

ಈ ವಿದ್ಯೆಗೆ ಕನ್ನಡನಾಡಿನ ನಂಟೂ ಇದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸಿ, ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಎಸ್. ಚಂದ್ರಶೇಖರ್ ಅವರು ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರೊಡನೆ 1977ರಲ್ಲಿ ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂದು ತೋರಿಸಿಕೊಟ್ಟರು. ಅಲ್ಲಿಯವರೆಗೆ ಕಡ್ಡಿಯಂಥ ಅಣುಗಳಿಗಷ್ಟೇ ಆ ಗುಣ ಎಂದು ತಿಳಿದಿದ್ದರು. ಆ ಶೋಧ ಪ್ರಕಟವಾದ ಪತ್ರಿಕೆಯೂ ನಮ್ಮದೇ, ‘ಪ್ರಮಾಣ’. ಮುಂದೆ ಬಂದ ಚಪ್ಪಟೆ ಪರದೆಗಳನ್ನು ಓರೆಯಿಂದ ನೋಡಿದರೂ ಚಿತ್ರ ಕೆಡದಂತೆ ಮಾಡುವ ಪೊರೆಗಳಲ್ಲಿ ಇಂಥ ಬಿಲ್ಲೆ ಅಣುಗಳೇ ಕೆಲಸಕ್ಕೆ ಬಂದವು. ಬ್ರಿಕ್ ಗೇಮಿನಲ್ಲಿ ಆ ಪೊರೆ ಇರಲಿಲ್ಲ. ಹೆಗಲ ಮೇಲಿಂದ ಇಣುಕುವವರಿಗೆ ಚಿತ್ರ ಮಸುಕಾಗಿ ಕಂಡು ‘ಸರಿಯಾಗಿ ಹಿಡಿಯಾ’ ಎಂಬ ಜಗಳ ಆಗುತ್ತಿದ್ದದ್ದರಲ್ಲಿ ಅದರದೂ ಒಂದು ಪಾಲಿತ್ತು.

ಇನ್ನು ಶೆಲ್ಲು. ಇಂಥ ಪರದೆಗೆ ಬೇಕಾದ ವಿದ್ಯುತ್ತು ತೀರಾ ಅತ್ಯಲ್ಪ, ಹಾಗಾಗಿ ಪೆನ್ಸಿಲ್ ಶೆಲ್ಲು ಬಹಳ ದಿನ ಬಾಳುತ್ತಿತ್ತು. ಬಾಳಿ ಮುಗಿದ ಮೇಲೂ ಅದನ್ನು ಯಾರೂ ಎಸೆಯುತ್ತಿರಲಿಲ್ಲ; ಅಡಿಕೆ ಒಣಗಿಸಿದ ಅಂಗಳದಲ್ಲೇ ಒಂದು ಮೂಲೆಯಲ್ಲಿ ಬಿಸಿಲಿಗಿಡುತ್ತಿದ್ದರು. ಮತ್ತೆ ಹಾಕಿದರೆ ಸ್ವಲ್ಪ ಹೊತ್ತು ನಡೆಯುತ್ತಿತ್ತು. ದೊಡ್ಡವರು ಇದನ್ನು ಹುಡುಗಾಟಿಕೆ ಎಂದುಕೊಂಡರೂ ಹಿಂದೆ ರಸಾಯನಶಾಸ್ತ್ರವಿದೆ. ಸತು-ಇಂಗಾಲದ ಶೆಲ್ಲಿನಲ್ಲಿ ನಡುವಿನ ಇಂಗಾಲದ ಕಡ್ಡಿಯ ಸುತ್ತ ಕ್ರಿಯೆಯ ಉತ್ಪನ್ನಗಳು ಜಮೆಯಾಗಿ ಪ್ರವಾಹಕ್ಕೆ ಅಡ್ಡ ಬರುತ್ತವೆ. ಕೆಲಸ ನಿಲ್ಲಿಸಿ ವಿಶ್ರಾಂತಿ ಕೊಟ್ಟರೆ ಅವು ನಿಧಾನಕ್ಕೆ ಹರಡಿ ಕರಗುತ್ತವೆ, ಬಿಸಿ ತಾಗಿದರೆ ಬೇಗ ಕರಗುತ್ತವೆ. ಹೊಸ ಶಕ್ತಿಯೇನೂ ಹುಟ್ಟುವುದಿಲ್ಲ, ಒಳಗೆ ಸಿಕ್ಕಿಕೊಂಡದ್ದು ಹೊರಬರುತ್ತದೆ.

ಆಟ ಹುಟ್ಟಿದ್ದು 1984ರಲ್ಲಿ, ಮಾಸ್ಕೋದಲ್ಲಿ. ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸಿ ಪಜಿತ್ನೊವ್ ಅವರ ಕೈಲಿದ್ದದ್ದು ಎಲೆಕ್ಟ್ರಾನಿಕಾ 60 ಎಂಬ ಯಂತ್ರ. ಅದಕ್ಕೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ, ಅಕ್ಷರ ಮಾತ್ರ. ಹಾಗಾಗಿ ಮೊಟ್ಟಮೊದಲ ಇಟ್ಟಿಗೆಗಳು ಕೀಲಿಮಣೆಯ ಆವರಣ ಚಿಹ್ನೆಗಳಿಂದಲೇ ಆದವು. ಅಮೆರಿಕದ ಗಣಿತಜ್ಞ ಸಾಲೊಮನ್ ಗೊಲಂಬ್ 1953ರಿಂದ ಅಧ್ಯಯನ ಮಾಡಿ ಜನಪ್ರಿಯಗೊಳಿಸಿದ್ದ ಒಂದು ಒಗಟು ಪಜಿತ್ನೊವ್ ಅವರ ತಲೆಯಲ್ಲಿತ್ತು: ಐದೈದು ಚೌಕ ಅಂಟಿಸಿದ ಹನ್ನೆರಡು ಆಕಾರಗಳನ್ನು ಪೆಟ್ಟಿಗೆಯಲ್ಲಿ ಸಂದಿಯಿಲ್ಲದೆ ಜೋಡಿಸುವುದು. ಹನ್ನೆರಡು ಜಾಸ್ತಿಯಾಯಿತೆಂದು ಅವರು ನಾಲ್ಕು ಚೌಕಕ್ಕೆ ಇಳಿಸಿದರು. ಪರದೆ ಕ್ಷಣದಲ್ಲಿ ತುಂಬಿಹೋಗುತ್ತಿತ್ತು. ಪೂರ್ತಿ ತುಂಬಿದ ಸಾಲಿನಿಂದ ಮುಂದೆ ಏನೂ ಉಪಯೋಗವಿಲ್ಲ, ಅದನ್ನು ಅಳಿಸಿಬಿಡೋಣ ಎಂದು ಹೊಳೆದದ್ದೇ ಆಟಕ್ಕೆ ಜೀವ ಬಂದ ಗಳಿಗೆ. ಹದಿನಾರರ ಹುಡುಗ ವದಿಮ್ ಗೆರಾಸಿಮೊವ್ ಅದನ್ನು ಐಬಿಎಂ ಪಿಸಿಗೆ ಅಳವಡಿಸಿದ ಮೇಲೆ ಫ್ಲಾಪಿಯಿಂದ ಫ್ಲಾಪಿಗೆ ಹಬ್ಬಿತು. ಹಕ್ಕಿಗಾಗಿ ನಡೆದ ದೊಡ್ಡ ಕಿತ್ತಾಟದ ಕತೆ ಇಲ್ಲಿ ಬೇಡ. 1989ರಲ್ಲಿ ನಿಂಟೆಂಡೊ ತನ್ನ ಗೇಮ್ ಬಾಯ್ ಜೊತೆ ಅದನ್ನು ಕೊಟ್ಟಿತು ಎಂಬುದೂ, ಪಜಿತ್ನೊವ್ ಅವರ ಕೈಗೆ ಗೌರವಧನ ಬರತೊಡಗಿದ್ದು 1996ರಿಂದ ಎಂಬುದೂ ಸಾಕು. ಜಾತ್ರೆಯ ಡಬ್ಬಿಗಳು ಯಾರ ಪರವಾನಗಿಯನ್ನೂ ಕೇಳಿದವಲ್ಲ.

ಈಗ ಆಕಾರಗಳಿಗೆ ಬರೋಣ. ಸೊಗಸು ಇರುವುದು ಅಲ್ಲಿ. ನಾಲ್ಕು ಚೌಕಗಳನ್ನು ಅಂಚಿಗೆ ಅಂಚು ಸೇರಿಸಿ ಏಳು ಬಗೆಯಾಗಿ ಜೋಡಿಸಬಹುದು: ಉದ್ದ ಕೋಲು, ಚೌಕ, ನಡುವೆ ಮೂತಿ ಎದ್ದ ‘ಟಿ’, ಬಲಕ್ಕೊಂದು ಎಡಕ್ಕೊಂದು ಕಾಲು ಮಡಚಿದ ಎರಡು ‘ಎಲ್’, ಬಲಕ್ಕೊಂದು ಎಡಕ್ಕೊಂದು ಬಾಗಿದ ‘ಎಸ್’ ಮತ್ತು ‘ಝಡ್’. ಆಟದಲ್ಲಿ ತುಂಡನ್ನು ತಿರುಗಿಸಬಹುದೇ ಹೊರತು ಮಗುಚಿ ಹಾಕಲು ಬಾರದು, ಅದಕ್ಕೇ ಎಡ-ಬಲ ಬೇರೆ ಬೇರೆ. ಮನೆಯಲ್ಲಿ ಹಳೆಯ ಲಗ್ನಪತ್ರಿಕೆ ಇದ್ದರೆ ಈ ಏಳನ್ನೂ ಕತ್ತರಿಸಿಕೊಳ್ಳಿ. ಏಳು ನಾಲ್ಕಲೆ 28 ಚೌಕ. ಅಡ್ಡ 7, ಉದ್ದ 4ರ ಆಯತದಲ್ಲೂ 28 ಚೌಕ. ಏಳು ತುಂಡುಗಳಿಂದ ಆ ಆಯತವನ್ನು ತುಂಬಿಸಿ.

ಆಗುವುದಿಲ್ಲ. ಮಳೆಗಾಲ ಮುಗಿಯುವವರೆಗೆ ಕೂತರೂ ಆಗುವುದಿಲ್ಲ. ಹೀಗೆ ಖಂಡಿತವಾಗಿ ಹೇಳಲು ಎಲ್ಲ ಜೋಡಣೆಗಳನ್ನೂ ಮಾಡಿ ನೋಡಬೇಕಾಗಿಲ್ಲ, ಒಂದು ಪೆನ್ಸಿಲ್ ಸಾಕು. ಆಯತವನ್ನು ಚದುರಂಗದ ಹಾಸಿನ ಕ್ರಮದಲ್ಲಿ ಕಪ್ಪು ಬಿಳಿ ಮಾಡಿ. 14 ಕಪ್ಪು, 14 ಬಿಳಿ. ಕೋಲನ್ನು ಎಲ್ಲೇ, ಹೇಗೇ ಇಡಿ, ಅದು ಎರಡು ಕಪ್ಪು ಎರಡು ಬಿಳಿ ಚೌಕಗಳನ್ನು ಮುಚ್ಚುತ್ತದೆ. ಚೌಕವೂ ಹಾಗೆಯೇ, ಎರಡು ‘ಎಲ್’ಗಳೂ ಹಾಗೆಯೇ, ‘ಎಸ್’ ‘ಝಡ್’ಗಳೂ ಹಾಗೆಯೇ. ‘ಟಿ’ ಒಂದು ಮಾತ್ರ ಬೇರೆ: ಅದರ ನಡುಚೌಕ ಒಂದು ಬಣ್ಣ, ಅದಕ್ಕೆ ತಾಗಿದ ಮೂರೂ ಇನ್ನೊಂದು ಬಣ್ಣ. ಹಾಗಾಗಿ ಏಳೂ ಸೇರಿ ಮುಚ್ಚುವುದು ಒಂದು ಬಣ್ಣದ 15, ಇನ್ನೊಂದರ 13. ಆಯತ ಕೇಳುವುದು 14 ಮತ್ತು 14. ಲೆಕ್ಕ ಕೂಡದು. 2 ಅಡ್ಡ 14ರ ಆಯತಕ್ಕೂ ಇದೇ ಉತ್ತರ. ಗಣಿತದಲ್ಲಿ ನನಗೆ ಅತಿ ಇಷ್ಟದ ಸಾಧನೆಗಳಲ್ಲಿ ಇದೊಂದು. ಏಳನೆಯ ತರಗತಿಯ ಹುಡುಗಿಗೂ ತಿಳಿಯುತ್ತದೆ, ತಿಳಿದ ಮೇಲೆ ಯಾರಿಂದಲೂ ಅಲ್ಲಗಳೆಯಲು ಆಗುವುದಿಲ್ಲ. ಎರಡು ಜೊತೆ ಹದಿನಾಲ್ಕು ತುಂಡು ತೆಗೆದುಕೊಂಡರೆ ಒಂದು ‘ಟಿ’ಯ ವಕ್ರವನ್ನು ಇನ್ನೊಂದು ‘ಟಿ’ ನೇರ ಮಾಡಬಹುದು, ಬಣ್ಣದ ಅಡ್ಡಿ ಅಲ್ಲಿಗೆ ಹೋಗುತ್ತದೆ.

ಒಗಟು ಮೇಜಿನ ಮೇಲಿದ್ದಾಗ ಇಷ್ಟು. ಅದೇ ತುಂಡುಗಳು ಒಂದೊಂದಾಗಿ ಮೇಲಿನಿಂದ ಬೀಳತೊಡಗಿದರೆ? ‘ಸರಿಯಾಗಿ ಆಡಿದರೆ ಎಂದೂ ಔಟಾಗುವುದಿಲ್ಲ’ ಎಂದು ವಾದಿಸುವ ಒಬ್ಬ ದಾಯಾದಿ ಅಣ್ಣ ಪ್ರತಿ ಮನೆಯಲ್ಲೂ ಇರುತ್ತಿದ್ದ. ಅವನ ವಾದ ತಪ್ಪೆಂದು ಕೆನಡಾದ ಜಾನ್ ಬ್ರುಸ್ಟೊವ್ಸ್ಕಿ 1992ರ ತಮ್ಮ ಪ್ರಬಂಧದಲ್ಲಿ ತೋರಿಸಿದರು. 1997ರಲ್ಲಿ ಹೈಡಿ ಬರ್ಗೀಲ್ ಅದಕ್ಕೆ ಇನ್ನೂ ಸರಳವಾದ ರೂಪ ಕೊಟ್ಟರು. ‘ಎಸ್’, ‘ಝಡ್’, ‘ಎಸ್’, ‘ಝಡ್’ ಎಂದು ಎರಡೇ ಆಕಾರಗಳು ಒಂದಾದ ಮೇಲೊಂದು ಬರುತ್ತಲೇ ಇದ್ದರೆ ಎಂಥ ಆಟಗಾರನೂ 70,000 ತುಂಡುಗಳೊಳಗೆ ಸೋಲಲೇಬೇಕು.

ಕಾರಣ ಹತ್ತರ ಅಗಲದಲ್ಲಿದೆ. ಈ ಎರಡು ಆಕಾರಗಳನ್ನು ತೂತು ಬೀಳದಂತೆ ಬಹುಕಾಲ ಪೇರಿಸಲು ಇರುವ ದಾರಿ ನಿಲ್ಲಿಸಿ ಪೇರಿಸುವುದು. ಆಗ ಒಂದೊಂದೂ ಎರಡು ಚೌಕ ಅಗಲದ ಓಣಿಯಲ್ಲಿ ಕೂರುತ್ತದೆ. ಹತ್ತು ಚೌಕದಲ್ಲಿ ಐದು ಓಣಿ. ‘ಎಸ್’ ಇರುವ ಓಣಿಯಲ್ಲಿ ‘ಎಸ್’ ಮಾತ್ರ ಸಂದಿಯಿಲ್ಲದೆ ಕೂರುತ್ತದೆ, ‘ಝಡ್’ ಇರುವಲ್ಲಿ ‘ಝಡ್’ ಮಾತ್ರ. ಎರಡೂ ಸಮನಾಗಿ ಬರುತ್ತಿವೆ, ಆದರೆ ಐದನ್ನು ಸಮನಾಗಿ ಇಬ್ಬರಿಗೆ ಹಂಚಲು ಬರುವುದಿಲ್ಲ. ಎರಡು ಓಣಿ ಸಿಕ್ಕಿದವರ ರಾಶಿ ಬೇಗ ಏರುತ್ತದೆ, ಮೂರು ಸಿಕ್ಕಿದವರದು ಹಿಂದುಳಿಯುತ್ತದೆ. ಕೊನೆಗೊಮ್ಮೆ ಒಂದರ ಮೇಲೆ ಇನ್ನೊಂದನ್ನು ಇಡಲೇಬೇಕು, ಅಲ್ಲಿ ತೂತು. ತೂತಿನ ಮೇಲೆ ತೂತು ಸೇರಿ ಗೋಪುರ ತುದಿ ಮುಟ್ಟುತ್ತದೆ. ತುಂಡುಗಳನ್ನು ಯಂತ್ರ ಪೂರ್ತಿ ಅದೃಷ್ಟದ ಮೇಲೆ ಆರಿಸುತ್ತಿದ್ದರೆ, ಕೊನೆಯಿಲ್ಲದೆ ಆಡುವ ಆಟದಲ್ಲಿ ಇಂಥ ದುಷ್ಟ ಸರದಿ ಎಂದಾದರೂ ಒಮ್ಮೆ ಬಂದೇ ಬರುತ್ತದೆ. ಆ ‘ಎಂದಾದರೂ’ ನಮ್ಮ ಆಯುಸ್ಸಿನಲ್ಲಿ ಬರುವಂಥದ್ದಲ್ಲ, ಅದು ಬೇರೆ ಮಾತು. ನಾವೆಲ್ಲ ಔಟಾದದ್ದು ವೇಗಕ್ಕೆ.

ಅದೃಷ್ಟದ ಮೇಲೆ ಸಿಟ್ಟಾದದ್ದಕ್ಕೂ ಕಾರಣವಿತ್ತು. ನಾಲ್ಕು ಸಾಲು ಸಿದ್ಧ ಮಾಡಿಟ್ಟು, ಪಕ್ಕದಲ್ಲಿ ಒಂದು ಚೌಕದ ಬಾವಿ ಬಿಟ್ಟು, ಉದ್ದ ಕೋಲಿಗೆ ಕಾಯುವುದು. ಕೋಲು ಬರುವುದೇ ಇಲ್ಲ. ಏಳೂ ಆಕಾರಗಳಿಗೆ ಸಮಾನ ಅವಕಾಶ ಇದ್ದರೆ ಸತತ ಇಪ್ಪತ್ತು ತುಂಡುಗಳಲ್ಲಿ ಒಂದೂ ಕೋಲು ಇರದ ಸಂಭವ ನೂರಕ್ಕೆ ನಾಲ್ಕೂವರೆ. ಒಂದೊಂದು ಆಟದಲ್ಲೂ ನೂರಾರು ತುಂಡು ಬೀಳುವಾಗ ಅಂಥ ಬರಗಾಲ ಆಗಾಗ ತಲೆದೋರುವುದು ಸಹಜ. ಹೊಸ ಟೆಟ್ರಿಸ್‌ಗಳು ಇದನ್ನು ತಪ್ಪಿಸಿವೆ: ಏಳೂ ತುಂಡುಗಳನ್ನು ಚೀಲದಲ್ಲಿ ಕಲಸಿ ಒಂದೊಂದಾಗಿ ತೆಗೆಯುತ್ತವೆ, ಚೀಲ ಖಾಲಿಯಾದ ಮೇಲೆ ಮತ್ತೆ ಏಳು. ಎರಡು ಕೋಲುಗಳ ನಡುವೆ ಹೆಚ್ಚೆಂದರೆ ಹನ್ನೆರಡು ತುಂಡು. ನ್ಯಾಯ ಹೆಚ್ಚಾಯಿತು, ಬಯ್ಯುವ ಸುಖ ಕಡಿಮೆಯಾಯಿತು.

ಮುಂದೆ ಯಾವ ತುಂಡು ಬರುತ್ತದೆ ಎಂದು ಮೊದಲೇ ಪಟ್ಟಿ ಕೊಟ್ಟರೆ? ಆಗಲೂ ಬಿಡುಗಡೆಯಿಲ್ಲ. ಅತಿ ಹೆಚ್ಚು ಸಾಲು ಅಳಿಸುವ ಕ್ರಮ ಯಾವುದೆಂದು ಆ ಪಟ್ಟಿಯಿಂದ ಕಂಡುಹಿಡಿಯುವುದು ‘ಎನ್‌ಪಿ-ಕಂಪ್ಲೀಟ್’ ಎಂಬ ಕಠಿಣ ವರ್ಗದ ಸಮಸ್ಯೆ ಎಂದು ಎಂಐಟಿಯ ಎರಿಕ್ ಡಿಮೇನ್, ಸುಸಾನ್ ಹೊಹೆನ್‌ಬರ್ಗರ್, ಡೇವಿಡ್ ಲಿಬೆನ್-ನೊವೆಲ್ 2002ರಲ್ಲಿ ಸಾಧಿಸಿದರು. ಉತ್ತರ ಕೊಟ್ಟರೆ ಸರಿಯೇ ಎಂದು ಬೇಗ ಪರೀಕ್ಷಿಸಬಹುದು. ಉತ್ತರವನ್ನು ಬೇಗ ಹುಡುಕುವ ಸಾರ್ವತ್ರಿಕ ದಾರಿ ಮಾತ್ರ ಇವತ್ತಿಗೂ ಯಾರಿಗೂ ಸಿಕ್ಕಿಲ್ಲ. ಅಂಥ ದಾರಿ ಇದೆಯೋ ಇಲ್ಲವೋ ಎಂದು ಸಾಧಿಸಿದವರಿಗೆ ಕ್ಲೇ ಗಣಿತ ಸಂಸ್ಥೆ 2000ದಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನ ಇಟ್ಟಿದೆ. ಆ ಕಂಪ್ಯೂಟರ್ ಕ್ಲಾಸಿನ ಮೈನ್‌ಸ್ವೀಪರ್ ಕೂಡ ಇದೇ ವರ್ಗದ್ದು. ತೋರುತ್ತಿರುವ ಅಂಕಿಗಳಿಗೆ ಹೊಂದುವಂತೆ ಬಾಂಬುಗಳನ್ನು ಇಡಲು ಸಾಧ್ಯವೇ ಎಂಬ ಪ್ರಶ್ನೆ ಎನ್‌ಪಿ-ಕಂಪ್ಲೀಟ್ ಎಂದು ಬರ್ಮಿಂಗ್‌ಹ್ಯಾಮ್‌ನ ರಿಚರ್ಡ್ ಕೇ 2000ದಲ್ಲಿ ತೋರಿಸಿದ್ದರು.

ಗೆಲ್ಲಲಾಗದ ಈ ಇಟ್ಟಿಗೆ ಆಟದಲ್ಲಿ ಒಮ್ಮೆ ಯಂತ್ರವೇ ಕೈಚೆಲ್ಲಿತು. 2023ರ ಡಿಸೆಂಬರ್ 21ರಂದು ಅಮೆರಿಕದ ಒಕ್ಲಹೋಮಾದ 13ರ ಹುಡುಗ ವಿಲ್ಲಿಸ್ ಗಿಬ್ಸನ್ ನಿಂಟೆಂಡೊದ 1989ರ ಆವೃತ್ತಿಯನ್ನು 157ನೇ ಮಟ್ಟದವರೆಗೆ ಒಯ್ದ. ಅಷ್ಟು ದೂರ ಯಾರಾದರೂ ಬರುತ್ತಾರೆಂದು ಬರೆದವರು ಎಣಿಸಿರಲಿಲ್ಲ. ಪ್ರೋಗ್ರಾಮು ತಡವರಿಸಿ ಪರದೆ ಹಾಗೇ ನಿಂತಿತು. ಆ ಆವೃತ್ತಿಯನ್ನು ಮನುಷ್ಯನೊಬ್ಬ ಅಲ್ಲಿಗೆ ಮುಟ್ಟಿಸಿದ್ದು ಅದೇ ಮೊದಲು.

ಹೆಬ್ಬೆರಳಿನ ವಿಷಯಕ್ಕೆ ಬರೋಣ. 1994ರಲ್ಲಿ ಡೇವಿಡ್ ಕಿರ್ಷ್ ಮತ್ತು ಪಾಲ್ ಮ್ಯಾಗ್ಲಿಯೊ ಟೆಟ್ರಿಸ್ ಆಡುವವರ ಪ್ರತಿ ಗುಂಡಿಯೊತ್ತನ್ನೂ ಅಳೆದರು. ಜಾಣ ಆಟಗಾರ ಮೊದಲು ತಲೆಯಲ್ಲೇ ತುಂಡನ್ನು ತಿರುಗಿಸಿ, ಜಾಗ ಗೊತ್ತುಮಾಡಿ, ಬೇಕಾದಷ್ಟು ಸಲವೇ ಗುಂಡಿ ಒತ್ತುತ್ತಾನೆ ಎಂಬುದು ಸಹಜ ಊಹೆ. ನಡೆಯುತ್ತಿದ್ದದ್ದು ಬೇರೆ. ತುಂಡು ಪರದೆಯ ಮೇಲೆ ಪೂರ್ತಿ ಕಾಣುವ ಮೊದಲೇ ಆಟಗಾರರು ಅದನ್ನು ಗರಗರ ತಿರುಗಿಸುತ್ತಿದ್ದರು. ಕಾರಣ ಸರಳ: 90 ಡಿಗ್ರಿಯನ್ನು ತಲೆಯಲ್ಲಿ ತಿರುಗಿಸಲು ಒಂದು ಸೆಕೆಂಡಿನಷ್ಟು ಹೊತ್ತು ಬೇಕು, ಗುಂಡಿ ಒತ್ತಿ ತಿರುಗಿಸಲು ಅದರ ಮೂರನೇ ಒಂದು ಭಾಗ ಸಾಕು. ಯೋಚನೆಯ ಒಂದು ಪಾಲನ್ನು ಮಿದುಳು ಬೆರಳಿಗೂ ಪರದೆಗೂ ಹಂಚಿಬಿಟ್ಟಿತ್ತು. ಹೆಗಲ ಮೇಲಿಂದ ‘ತಿರುಗ್ಸಾ’ ಎಂದು ಕೂಗುತ್ತಿದ್ದವರದು ಬರೀ ಅವಸರವಲ್ಲ. ಅವರಿಗೂ ಯೋಚಿಸಲು ತಿರುಗಿದ ತುಂಡು ಕಾಣಬೇಕಿತ್ತು. ಆಟ ಬಿಟ್ಟು ವರ್ಷಗಳಾದರೂ ಹೆಬ್ಬೆರಳು ಅಲ್ಲಾಡುವುದೇಕೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ನನಗೆ ಕಂಡಿಲ್ಲ.

ಮಿದುಳಿನ ಖರ್ಚನ್ನೂ ಅಳೆದಿದ್ದಾರೆ. 1992ರಲ್ಲಿ ರಿಚರ್ಡ್ ಹೇಯರ್ ಮತ್ತು ಸಂಗಡಿಗರು ಹೊಸಬರಿಗೆ ನಾಲ್ಕರಿಂದ ಎಂಟು ವಾರ ಆಟ ಅಭ್ಯಾಸ ಮಾಡಿಸಿ, ಮುಂಚೆ ಮತ್ತು ಆಮೇಲೆ ಮಿದುಳು ಎಷ್ಟು ಗ್ಲೂಕೋಸ್ ಬಳಸುತ್ತದೆ ಎಂದು ನೋಡಿದರು. ಆಟ ಏಳು ಪಟ್ಟಿಗೂ ಹೆಚ್ಚು ಸುಧಾರಿಸಿತ್ತು, ಮಿದುಳಿನ ಮೇಲ್ಪದರದ ಬಳಕೆ ಇಳಿದಿತ್ತು. ಅನುಭವಸ್ಥ ಕೊನೆಗೌಡ ಅಡಿಕೆ ಮರವನ್ನು ಬೆವರಿಲ್ಲದೆ ಏರುವ ಹಾಗೆ, ಪಳಗಿದ ಮಿದುಳು ಕಡಿಮೆ ಖರ್ಚಿನಲ್ಲಿ ಹೆಚ್ಚು ಕೆಲಸ ತೆಗೆಯುತ್ತದೆ.

ಅದಕ್ಕಿಂತ ವಿಚಿತ್ರವಾದದ್ದು 2000ದಲ್ಲಿ ಹಾರ್ವರ್ಡ್‌ನ ರಾಬರ್ಟ್ ಸ್ಟಿಕ್‌ಗೋಲ್ಡ್ ಕಂಡದ್ದು. 27 ಜನರಿಗೆ ಮೂರು ದಿನಗಳಲ್ಲಿ ಏಳು ತಾಸು ಟೆಟ್ರಿಸ್ ಆಡಿಸಿದರು: ಹನ್ನೆರಡು ಹೊಸಬರು, ಹತ್ತು ಪಳಗಿದವರು, ಇನ್ನೈದು ಜನ ಮಿದುಳಿಗೆ ಪೆಟ್ಟಾಗಿ ಹೊಸ ನೆನಪು ನಿಲ್ಲದವರು. ನಿದ್ದೆ ಹತ್ತುವ ಮಂಪರಿನಲ್ಲಿ ಏನು ಕಂಡಿತು ಎಂದು ಕೇಳಿದರೆ ಅರ್ಧಕ್ಕಿಂತ ಹೆಚ್ಚು ಜನ ಬೀಳುವ ತುಂಡುಗಳನ್ನು ಕಂಡಿದ್ದರು. ನೆನಪು ನಿಲ್ಲದ ಐವರಲ್ಲೂ ಮೂವರಿಗೆ ಕಂಡಿತ್ತು. ಆಟ ಆಡಿದ್ದೇ ಅವರಿಗೆ ನೆನಪಿಲ್ಲ, ಆಕಾರಗಳು ಮಾತ್ರ ಕಣ್ಣೊಳಗೆ ಇಳಿಯುತ್ತಿವೆ! ಘಟನೆಯನ್ನು ಹಿಡಿದಿಡುವ ನೆನಪು ಬೇರೆ, ಆಕಾರವನ್ನೂ ಚಲನೆಯನ್ನೂ ಹಿಡಿದಿಡುವ ನೆನಪು ಬೇರೆ ಎನ್ನಲು ಇದಕ್ಕಿಂತ ನೇರ ಸಾಕ್ಷಿ ಬೇಕೆ? ಪಳಗಿದವರಲ್ಲಿ ಕೆಲವರಿಗೆ ಪ್ರಯೋಗಾಲಯದ ಟೆಟ್ರಿಸ್ ಬದಲು ಹಿಂದೆಂದೋ ಆಡಿದ್ದ ಹಳೆಯ ಆವೃತ್ತಿಯ ಚಿತ್ರಗಳು ಕಂಡವು. ಹೊಸ ಆಟ ಹಳೆಯದನ್ನು ಎಬ್ಬಿಸಿತ್ತು.

ಹಳೆಯದರ ಹಂಬಲಕ್ಕೆ ವೈದ್ಯರು ಒಮ್ಮೆ ರೋಗದ ಪಟ್ಟ ಕಟ್ಟಿದ್ದರು. ಶಿರಸಿಯ ಮಾರಿಕಾಂಬಾ ಗುಡಿ ಸ್ಥಾಪನೆಯಾಯಿತೆಂದು ಹೇಳುವ 1688ರಲ್ಲೇ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ, ಮನೆ ಬಿಟ್ಟು ದೂರ ಹೋದವರ ಕೊರಗನ್ನು ಕಾಯಿಲೆಯೆಂದು ಬಣ್ಣಿಸಿ ಪ್ರಬಂಧ ಬರೆದ. ಇವತ್ತು ಅದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ. ವಯಸ್ಸಾದವರಿಗೆ ಜೀವನದ ನೆನಪುಗಳನ್ನು ಹೇಳಿ ಎಂದರೆ ಹತ್ತರಿಂದ ಮೂವತ್ತರ ನಡುವಿನವೇ ಹೆಚ್ಚಾಗಿ ಬರುತ್ತವೆ ಎಂಬುದು ಮನಃಶಾಸ್ತ್ರದಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಬ್ರಿಕ್ ಗೇಮ್ ಬಂದದ್ದು ಅನೇಕರಿಗೆ ಆ ಬಾಗಿಲು ತೆರೆಯುವ ವಯಸ್ಸಿಗೆ. ಸುತ್ತ ಸೋದರಿಕೆಯ ಮಕ್ಕಳು, ಬೇಸಿಗೆಯ ರಜೆ, ತಿನ್ನಲು ಹಲಸಿನ ಹಪ್ಪಳ. ಪೀಪಿಗೂ ಕಾರಿಗೂ ಇಷ್ಟೆಲ್ಲ ಇತ್ತು. ಆದರೆ ಬೆರಳು, ಕಣ್ಣು, ತಲೆ ಮೂರನ್ನೂ ಒಟ್ಟಿಗೆ ಕಟ್ಟಿಹಾಕಿ, ಎಂದೂ ಮುಗಿಯದೆ, ರಾತ್ರಿ ಕಣ್ಣು ಮುಚ್ಚಿದರೂ ಬೀಳುತ್ತಲೇ ಇದ್ದದ್ದು ಇಟ್ಟಿಗೆ ಮಾತ್ರ.

ಕಣ್ಣೊಳಗಿನ ಈ ಜಾಗವನ್ನು ಆಟ ಹೀಗೆ ಆಕ್ರಮಿಸುವುದರಿಂದ ಒಂದು ಉಪಕಾರವೂ ಆಗಿದೆ. ಆಕ್ಸ್‌ಫರ್ಡ್‌ನಲ್ಲಿ ಎಮಿಲಿ ಹೋಮ್ಸ್ ಮತ್ತು ಸಂಗಡಿಗರು, ಭೀಕರ ದೃಶ್ಯಗಳ ಚಿತ್ರ ನೋಡಿದವರಿಗೆ ಅರ್ಧ ತಾಸಿನ ಮೇಲೆ ಟೆಟ್ರಿಸ್ ಆಡಿಸಿದರೆ ಆ ದೃಶ್ಯಗಳು ತಾವಾಗಿ ಮರುಕಳಿಸುವುದು ಕಡಿಮೆಯಾಗುತ್ತದೆ ಎಂದು 2009ರಲ್ಲಿ ತೋರಿಸಿದರು. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾಹನ ಅಪಘಾತವಾಗಿ ಆಸ್ಪತ್ರೆಗೆ ಬಂದ 71 ಜನರನ್ನು ಪರೀಕ್ಷಿಸಿದಾಗಲೂ, ಅಪಘಾತವನ್ನು ನೆನಪಿಸಿಕೊಂಡು ಆಟ ಆಡಿದವರಿಗೆ ಮುಂದಿನ ವಾರದಲ್ಲಿ ಅಂಥ ಮರುಕಳಿಕೆ ಕಡಿಮೆಯಿತ್ತು. ಇದು ಇನ್ನೂ ಬೆಳೆಯುತ್ತಿರುವ ಸಂಶೋಧನೆ. ವೈದ್ಯರ ಜಾಗದಲ್ಲಿ ಆಟವನ್ನು ಕೂರಿಸುವ ಮಾತಲ್ಲ.

ಕೊನೆಗೆ, ನಮ್ಮ ಕಾಲದ ಆಟಗಳು ಬುದ್ಧಿ ಬೆಳೆಸುತ್ತಿದ್ದವು, ಈಗಿನ ಮಕ್ಕಳ ಮೊಬೈಲು ಹಾಳು ಮಾಡುತ್ತದೆ ಎಂದು ಮದುವೆ ಮನೆಯ ಪಂಕ್ತಿಯಲ್ಲಿ ಕೇಳುವ ಮಾತು. ಅದರ ಎರಡನೆಯ ಅರ್ಧದ ಚರ್ಚೆ ಬೇರೆ ಅಧ್ಯಾಯಕ್ಕಿರಲಿ. ಮೊದಲ ಅರ್ಧವನ್ನು ವ್ಯಾಲೆರಿ ಸಿಮ್ಸ್ ಮತ್ತು ರಿಚರ್ಡ್ ಮೇಯರ್ 2002ರಲ್ಲಿ ಪರೀಕ್ಷೆಗೆ ಒಡ್ಡಿದ್ದಾರೆ. ಟೆಟ್ರಿಸ್‌ನಲ್ಲಿ ಪಳಗಿದವರು ಟೆಟ್ರಿಸ್ ತುಂಡುಗಳನ್ನೂ ಅವನ್ನು ಹೋಲುವ ಆಕಾರಗಳನ್ನೂ ತಲೆಯಲ್ಲಿ ತಿರುಗಿಸುವುದರಲ್ಲಿ ಮುಂದಿದ್ದರು. ಆಕಾರ, ಜಾಗಗಳಿಗೆ ಸಂಬಂಧಿಸಿದ ಉಳಿದ ಪರೀಕ್ಷೆಗಳಲ್ಲಿ ಅವರಿಗೂ ಆಡದವರಿಗೂ ವ್ಯತ್ಯಾಸ ಕಾಣಲಿಲ್ಲ. ಇಟ್ಟಿಗೆ ಆಟ ಆಡಿದವರು ಇಟ್ಟಿಗೆ ಆಟದಲ್ಲಿ ಜಾಣರಾದರು, ಅಷ್ಟೆ. ಮಕ್ಕಳ ಕೈಗೆ ಕೊಡುವುದಾದರೆ ಆಟ ಚೆನ್ನಾಗಿದೆ ಎಂದು ಕೊಡಿ. ಬುದ್ಧಿ ಬೆಳೆಯುತ್ತದೆ ಎಂದು ಅದನ್ನು ಮಾರಲು ಬಂದವರನ್ನು ನಂಬಬೇಡಿ.